ಮನೆಯೊಳಗೆ ನಾಯಿಮರಿಯ ಉಚ್ಚೆ-ಕಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಮರಿ ಸಾಕಿದವರು ನನ್ನನ್ನು ಲಿಫ್ಟಿನಲ್ಲಿ, ಪಶು ಆಸ್ಪತ್ರೆಯ ಬೆಂಚಿನ ಮೇಲೆ, ರಾತ್ರಿ ಹನ್ನೊಂದು ಗಂಟೆಯ ವಾಟ್ಸಾಪ್ ಸಂದೇಶದಲ್ಲಿ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಹಾಗೇ ಉಳಿಸಿಕೊಂಡಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ ಓದಿಕೊಳ್ಳಬಹುದು.

## ಮೊದಲ ದಿನಗಳು

ಮರಿ ತಂದು ಮೂರು ದಿನ ಆಯ್ತು, ಮನೆ ತುಂಬಾ ಉಚ್ಚೆ. ಇದು ಯಾವಾಗ ನಿಲ್ಲುತ್ತೆ?

ಎರಡು ತಿಂಗಳ ಮರಿಗೆ ಉಚ್ಚೆ ತಡೆದುಕೊಳ್ಳುವ ಶಕ್ತಿಯೇ ಇನ್ನೂ ಬಂದಿರುವುದಿಲ್ಲ. ಮೂತ್ರಕೋಶದ ಸ್ನಾಯುಗಳು ಹಿಡಿತಕ್ಕೆ ಬರುವುದು ಮೂರು-ನಾಲ್ಕು ತಿಂಗಳ ಹೊತ್ತಿಗೆ. ಮರಿಯ ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದರೆ ಎಷ್ಟಾಗುತ್ತದೋ ಹೆಚ್ಚೆಂದರೆ ಅಷ್ಟು ಗಂಟೆ ತಡೆದೀತು ಎಂಬುದು ರೂಢಿಯ ಲೆಕ್ಕ. ಅಂದರೆ ಎರಡು ತಿಂಗಳ ಮರಿಗೆ ಮೂರು ಗಂಟೆ. ಅದೂ ಹಗಲಲ್ಲಿ ಸುಮ್ಮನೆ ಮಲಗಿದ್ದಾಗ. ಓಡಾಡಿ ಆಡುತ್ತಿರುವ ಮರಿ ಅರ್ಧ ಗಂಟೆಗೊಮ್ಮೆ ಹೊಯ್ದರೂ ಆಶ್ಚರ್ಯವಿಲ್ಲ. ಮನೆಯವರು ಹೊತ್ತು ನೋಡಿಕೊಂಡರೆ ನಾಲ್ಕು-ಐದು ತಿಂಗಳಿಗೆ ನೆಲ ಬಹುಮಟ್ಟಿಗೆ ಒಣಗಿರುತ್ತದೆ. ಪೂರ್ತಿ ನಂಬುವ ಹಾಗಾಗಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಪೊಮೆರೇನಿಯನ್, ಶಿಟ್ಸು ತರಹದ ಪುಟ್ಟ ಜಾತಿಗಳು ಲ್ಯಾಬ್ರಡಾರಿಗಿಂತ ತಡವಾಗಿ ಕಲಿಯುವುದನ್ನು ತುಂಬ ಮನೆಗಳಲ್ಲಿ ಕಂಡಿದ್ದೇನೆ.

ನಲವತ್ತು ದಿನದ ಮರಿ ತಂದ್ರೆ ಬೇಗ ಹೊಂದಿಕೊಳ್ಳುತ್ತೆ ಅಂತಾರಲ್ಲ?

ಬೇಡ. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು ಎಂದು 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟದ ನಿಯಮಗಳೇ ಹೇಳುತ್ತವೆ. ಕಾನೂನಿನ ಮಾತು ಪಕ್ಕಕ್ಕಿಟ್ಟರೂ ಆ ವಾರಗಳಲ್ಲಿ ತಾಯಿಯ ಮಗ್ಗುಲಲ್ಲಿ ನಡೆಯುವ ಪಾಠ ದೊಡ್ಡದು. ಹುಟ್ಟಿದ ಮೊದಲ ಎರಡು-ಮೂರು ವಾರ ತಾಯಿಯೇ ನೆಕ್ಕಿ ನೆಕ್ಕಿ ಮರಿಗೆ ಉಚ್ಚೆ ಹೊಯ್ಯಿಸುತ್ತದೆ, ಅದನ್ನು ತಾನೇ ಶುಚಿ ಮಾಡುತ್ತದೆ. ಮೂರು ವಾರ ದಾಟಿತೆಂದರೆ ಮರಿ ತಾನಾಗಿ ಹಾಸಿಗೆ ಬಿಟ್ಟು ಎದ್ದು ದೂರ ಹೋಗಿ ಮಾಡಿ ಬರುತ್ತದೆ. "ಮಲಗುವ ಜಾಗ ಬೇರೆ, ಹೊಯ್ಯುವ ಜಾಗ ಬೇರೆ" ಎಂಬ ಈ ತಿಳಿವಳಿಕೆಯ ಮೇಲೆಯೇ ನಾವು ಮುಂದೆ ಕಲಿಸುವುದೆಲ್ಲ ನಿಂತಿದೆ. ತಂತಿಯ ಪಂಜರದಲ್ಲಿ ತನ್ನ ಗಲೀಜಿನ ಮೇಲೇ ಮಲಗಿ ಬೆಳೆದ ಮರಿಗೆ ಆ ತಿಳಿವಳಿಕೆ ಮಂಕಾಗಿರುತ್ತದೆ, ಅಂಥದ್ದಕ್ಕೆ ಎರಡು ಪಟ್ಟು ತಾಳ್ಮೆ ಬೇಕು. ಮರಿ ತರುವ ಮುಂಚೆ ಅದು ಬೆಳೆದ ಜಾಗವನ್ನು ಕಣ್ಣಾರೆ ನೋಡಿ ಬನ್ನಿ.

ಯಾವ್ಯಾವ ಹೊತ್ತಿಗೆ ಕರ್ಕೊಂಡು ಹೋಗ್ಬೇಕು? ಒಂದು ಟೈಮ್‌ಟೇಬಲ್ ಹೇಳಿ ಅಕ್ಕ.

ಗಡಿಯಾರಕ್ಕಿಂತ ಮರಿಯ ದಿನಚರಿ ನೋಡಿ. ನಿದ್ದೆಯಿಂದ ಎದ್ದ ಕೂಡಲೇ, ನೀರು ಕುಡಿದ ಸ್ವಲ್ಪ ಹೊತ್ತಿಗೆ, ಜೋರಾಗಿ ಆಡಿದ ಮೇಲೆ, ಮಲಗುವ ಮುಂಚೆ ಕರೆದುಕೊಂಡು ಹೋಗಬೇಕು. ಊಟವಾದ ಐದರಿಂದ ಮೂವತ್ತು ನಿಮಿಷದೊಳಗೆ ಕಕ್ಕ ಬರುವುದು ಸಾಮಾನ್ಯ. ಹೊಟ್ಟೆಗೆ ಅನ್ನ ಬಿದ್ದೊಡನೆ ದೊಡ್ಡ ಕರುಳು ಮಿಸುಕಾಡುತ್ತದೆ, ಎಳೆಗೂಸುಗಳಲ್ಲೂ ಹೀಗೇ. ಎಚ್ಚರವಿದ್ದಾಗ ಇವೆಲ್ಲದರ ಜೊತೆಗೆ ಗಂಟೆಗೊಂದು ಸಲ.

ಒಂದು ವಾರ ಗೋಡೆಯ ಕ್ಯಾಲೆಂಡರಿನ ಪಕ್ಕ ಒಂದು ಹಾಳೆ ಅಂಟಿಸಿ, ಪೆನ್ನು ಕಟ್ಟಿ ತೂಗುಹಾಕಿ. ಉಣ್ಣಿಸಿದ್ದು, ಹೊಯ್ದದ್ದು, ಕಕ್ಕ ಮಾಡಿದ್ದು ಯಾರ ಕಣ್ಣಿಗೆ ಬಿದ್ದರೂ ಹೊತ್ತು ಬರೆಯಲಿ. ನಾಲ್ಕನೇ ದಿನಕ್ಕೆ ನಿಮ್ಮ ಮರಿಯದೇ ಆದ ವೇಳಾಪಟ್ಟಿ ಅದರಲ್ಲಿ ಕಾಣಿಸುತ್ತದೆ. ನಾನು ಹೇಳುವ ಯಾವ ಪಟ್ಟಿಗಿಂತಲೂ ಅದೇ ಸರಿ.

ಹೊತ್ತು ತಪ್ಪಿದರೂ ಲಕ್ಷಣ ತಪ್ಪುವುದಿಲ್ಲ. ಆಡುತ್ತಿದ್ದ ಮರಿ ಇದ್ದಕ್ಕಿದ್ದಂತೆ ಆಟ ಬಿಟ್ಟು ನೆಲ ಮೂಸುತ್ತಾ ಗಿರಕಿ ಹೊಡೆದರೆ ಅಥವಾ ಸೋಫಾದ ಹಿಂದೆ ಮರೆಯಾಗಲು ಹೊರಟರೆ ನಿಮಗೆ ಐದಾರು ಸೆಕೆಂಡು ಮಾತ್ರ ಇದೆ. ಎತ್ತಿಕೊಂಡು ಹೋಗಿ. ನಡೆಸಿಕೊಂಡು ಹೋದರೆ ದಾರಿಯಲ್ಲೇ ಆಗಿಬಿಡುತ್ತದೆ.

ಏನಂತ ಹೇಳಿ ಮಾಡಿಸ್ಬೇಕು?

ಯಾವ ಮಾತಾದರೂ ಸರಿ, ಮನೆಯವರೆಲ್ಲ ಒಂದೇ ಮಾತು ಹೇಳಬೇಕು. ಅಜ್ಜಿ "ಸುಸ್ಸು ಮಾಡು", ಮೊಮ್ಮಗ "ಗೋ", ಅಪ್ಪ ಬರೀ ಚಿಟಿಕೆ ಅಂದರೆ ಮರಿಗೆ ಯಾವುದೂ ಅರ್ಥವಾಗದು. ಅದು ಹೊಯ್ಯಲು ಶುರುಮಾಡಿದಾಗ ಮೆಲ್ಲಗೆ ಆ ಮಾತು ಹೇಳಿ, ಮುಗಿಸಿದ ಒಂದೆರಡು ಸೆಕೆಂಡಿನಲ್ಲೇ ಹೊಗಳಿ, ಬೇಯಿಸಿದ ಕೋಳಿಯ ಚೂರೋ ಪನೀರಿನ ಚೂರೋ ಕೊಡಿ. ಒಳಗೆ ಬಂದು ಡಬ್ಬಿ ತೆಗೆದು ಕೊಟ್ಟರೆ, ಡಬ್ಬಿಯ ಹತ್ತಿರ ಬಂದದ್ದಕ್ಕೆ ಸಿಕ್ಕಿತು ಎಂದು ಮರಿ ತಿಳಿಯುತ್ತದೆ. ತಿಂಡಿ ನಿಮ್ಮ ಜೇಬಿನಲ್ಲೇ ಇರಲಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟ್, ಈರುಳ್ಳಿ ನಾಯಿಗೆ ವಿಷ, ಅವು ಬೇಡವೇ ಬೇಡ.

ಮೂತಿ ಹಿಡಿದು ಉಚ್ಚೆಗೆ ಉಜ್ಜಿದ್ರೆ ಬುದ್ಧಿ ಬರುತ್ತೆ ಅಂತ ನಮ್ಮ ಮಾವ ಹೇಳ್ತಾರೆ. ನಿಜಾನಾ?

ಇಲ್ಲ. ದಯವಿಟ್ಟು ಹಾಗೆ ಮಾಡಬೇಡಿ, ಮಾವನವರಿಗೂ ಬಿಡಿಸಿ ಹೇಳಿ.

ನಾನು ಮೊದಲು ಸಾಕಿದ ಬೀದಿಮರಿ ಬೆಳ್ಳಿಗೆ ಇದನ್ನೇ ಮಾಡಿದೆ. ನಮ್ಮ ಮನೆಯಲ್ಲಿ ಹಿಂದಿನಿಂದ ಬಂದ ಪದ್ಧತಿ ಅದು. ನಾಲ್ಕು ಸಲ ಬೈದು ಮೂತಿ ಉಜ್ಜಿದ ಮೇಲೆ ನನ್ನೆದುರು ಹೊಯ್ಯುವುದನ್ನು ನಿಲ್ಲಿಸಿಬಿಟ್ಟಿತು. ಗೆದ್ದೆ ಅಂದುಕೊಂಡೆ. ಹದಿನೈದು ದಿನವಾದ ಮೇಲೆ ಮಂಚ ಸರಿಸಿದರೆ ಅದರಡಿಯ ಮೂಲೆ ತುಂಬ ಒಣಗಿದ ಕಲೆಗಳು. ಒಳಗೆ ಹೊಯ್ಯಬಾರದು ಎಂದು ಅದು ಕಲಿತಿರಲೇ ಇಲ್ಲ. ನಾನು ನೋಡುತ್ತಿರುವಾಗ ಹೊಯ್ದರೆ ಅಪಾಯ ಎಂದಷ್ಟೇ ಕಲಿತಿತ್ತು. ಆಮೇಲೆ ಸರಪಳಿ ಹಾಕಿ ಹೊರಗೆ ಕರೆದುಕೊಂಡು ಹೋದರೂ ನನ್ನೆದುರು ಮಾಡಲು ಹೆದರುತ್ತಿತ್ತು, ತಡೆದುಕೊಂಡು ನಡುಗುತ್ತಿತ್ತು. ಆ ಹೆದರಿಕೆ ಬಿಡಿಸಲು ನನಗೆ ಮೂರು ತಿಂಗಳು ಹಿಡಿಯಿತು. ಇವತ್ತಿಗೂ ಅದು ನೆನಪಾದರೆ ಸಂಕಟವಾಗುತ್ತದೆ.

ಮರಿ ಮಾಡಿ ಆದ ಮೇಲೆ ಸಿಕ್ಕಿದರೆ ಏನೂ ಹೇಳಬೇಡಿ, ಒರೆಸಿ. ಮಾಡುತ್ತಿರುವಾಗಲೇ ಕಂಡರೆ ಮೆಲ್ಲಗೆ ಚಪ್ಪಾಳೆ ತಟ್ಟಿ, ಎತ್ತಿಕೊಂಡು ಜಾಗಕ್ಕೆ ಒಯ್ಯಿರಿ, ಉಳಿದದ್ದನ್ನು ಅಲ್ಲಿ ಮಾಡಿದರೆ ಹೊಗಳಿ. "ತಪ್ಪು ಮಾಡಿದೆ ಅಂತ ಅದಕ್ಕೇ ಗೊತ್ತು, ತಲೆ ತಗ್ಗಿಸುತ್ತೆ" ಎನ್ನುವವರಿಗೆ ಒಂದು ಮಾತು: ಅದು ತಲೆ ತಗ್ಗಿಸುವುದು ನಿಮ್ಮ ಮುಖ, ನಿಮ್ಮ ದನಿ ನೋಡಿ. ನಮ್ಮ ಬಾಗಲಕೋಟೆ ಸೀಮೆಯ ಮುಧೋಳ ನಾಯಿಯಂಥ ಸೂಕ್ಷ್ಮ ಸ್ವಭಾವದ್ದಕ್ಕಂತೂ ಒಂದು ಗದರಿಕೆ ವಾರಗಟ್ಟಲೆ ಮನಸ್ಸಿನಲ್ಲಿ ಉಳಿಯುತ್ತದೆ.

ಹೊರಗೆ ಅರ್ಧ ಗಂಟೆ ನಿಂತ್ರೂ ಮಾಡಲ್ಲ, ಒಳಗೆ ಬಂದ ತಕ್ಷಣ ಮಾಡುತ್ತೆ. ಬೇಕಂತಲೇನಾ?

ಹಟ ಅಲ್ಲ. ಹೊರಗೆ ಸ್ಕೂಟರು, ಕಾಗೆ, ಬೇರೆ ನಾಯಿಯ ವಾಸನೆ, ಎಲ್ಲವೂ ಹೊಸದು. ಅದರ ಗಮನ ಹೊಟ್ಟೆಯ ಮೇಲೆ ಇರುವುದೇ ಇಲ್ಲ. ಮನೆಗೆ ಬಂದು ಜೀವ ನಿರಾಳವಾದಾಗ ನೆನಪಾಗುತ್ತದೆ. ದಿನಾ ಒಂದೇ ಜಾಗಕ್ಕೆ ಕರೆದುಕೊಂಡು ಹೋಗಿ, ಐದು ನಿಮಿಷ ಮಾತಾಡದೆ ನಿಲ್ಲಿ. ಮಾಡದಿದ್ದರೆ ಒಳಗೆ ಬಂದು ನೆಲಕ್ಕೆ ಬಿಡದೆ ತೊಡೆಯ ಮೇಲೆ ಹತ್ತು ನಿಮಿಷ ಇಟ್ಟುಕೊಂಡು ಮತ್ತೆ ಹೋಗಿ. ಹೊಯ್ದ ತಕ್ಷಣ ಮನೆಗೆ ತಿರುಗಬೇಡಿ, ಸ್ವಲ್ಪ ಆಡಿಸಿ. ಹೊಯ್ದರೆ ಆಟ ಮುಗಿಯುತ್ತದೆ ಎಂದು ಕಲಿತ ಮರಿ ತಡೆದುಕೊಳ್ಳಲು ಶುರುಮಾಡುತ್ತದೆ.

## ಜಾಗ, ಕಾಗದ, ಒರೆಸುವ ಬಟ್ಟೆ

ಏಳನೇ ಮಹಡಿ ಫ್ಲಾಟು. ಒಳಗೇ ಜಾಗ ಮಾಡಿಕೊಟ್ರೆ ಜೀವಮಾನ ಪೂರ್ತಿ ಒಳಗೇ ಮಾಡುತ್ತೆ ಅಲ್ವಾ?

ಈ ಭಯಕ್ಕೆ ಎಷ್ಟೋ ಮರಿಗಳನ್ನು ಲಸಿಕೆ ಮುಗಿಯುವ ಮುಂಚೆಯೇ ಬೀದಿಗೆ ಇಳಿಸುತ್ತಾರೆ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಉಳಿಯುತ್ತದೆ. ರಕ್ತಭೇದಿಯಾಗಿ ಎರಡು-ಮೂರು ದಿನದಲ್ಲಿ ಮರಿ ಸಾಯಬಹುದು. ಮೊದಲ ಲಸಿಕೆ ಆರರಿಂದ ಎಂಟು ವಾರಕ್ಕೆ, ಆಮೇಲೆ ಮೂರು-ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರದವರೆಗೆ, ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಅಷ್ಟು ದಿನ ಬೀದಿನಾಯಿಗಳು ಓಡಾಡುವ ನೆಲಕ್ಕೆ ಮರಿಯ ಕಾಲು ತಾಗದಿದ್ದರೆ ಒಳ್ಳೆಯದು. ಆದ್ದರಿಂದ ಮನೆಯೊಳಗೊಂದು ಜಾಗ ಕಲಿಸುವುದು ಸೋಲಲ್ಲ, ಈ ವಯಸ್ಸಿಗೆ ಅದೇ ಸರಿಯಾದ ಕ್ರಮ. ಒಳಗಿನ ಜಾಗದಿಂದ ಹೊರಗಿನ ಜಾಗಕ್ಕೆ ದಾಟಿಸುವುದು ಕಷ್ಟವಲ್ಲ, ಅದನ್ನು ಕೊನೆಯ ಭಾಗದಲ್ಲಿ ಹೇಳಿದ್ದೇನೆ.

ಬಾಲ್ಕನೀನಾ, ಬಾತ್‌ರೂಮಾ, ಯುಟಿಲಿಟೀನಾ?

ಯುಟಿಲಿಟಿ ಇದ್ದರೆ ಅದೇ ಒಳ್ಳೆಯದು: ನೀರಿದೆ, ಮೋರಿ ಇದೆ, ಬಾಗಿಲು ಸದಾ ತೆರೆದಿಡಬಹುದು. ಬಾಲ್ಕನಿಯಾದರೆ ಮೊದಲು ಕಂಬಿಗಳ ನಡುವೆ ಜಾಲರಿ ಕಟ್ಟಿಸಿ, ಎರಡು ತಿಂಗಳ ಮರಿಯ ತಲೆ ತೂರಿದರೆ ಮೈಯೂ ತೂರುತ್ತದೆ. ಬಾತ್‌ರೂಮಿನ ತೊಂದರೆ ಏನೆಂದರೆ ನೆಲ ಸದಾ ಒದ್ದೆ, ಕಾಲು ಜಾರುತ್ತದೆ, ಒಂದು ಸಲ ಜಾರಿ ಬಿದ್ದ ಮರಿ ಮತ್ತೆ ಒಳಗೆ ಹೋಗಲು ಒಪ್ಪುವುದಿಲ್ಲ. ಆಸಿಡ್ ಹಾಕಿ ತೊಳೆಯುವ ಅಭ್ಯಾಸ ಬೇರೆ. ಎಲ್ಲಿಟ್ಟರೂ ಅನ್ನದ ತಟ್ಟೆ ಮತ್ತು ಹಾಸಿಗೆಯಿಂದ ದೂರವಿರಲಿ, ದಿನಕ್ಕೊಂದು ಕಡೆಗೆ ಬದಲಾಯಿಸಬೇಡಿ.

ಪೇಪರ್ ಹಾಸೀವ್ರಿ, ಅದರ ಮ್ಯಾಲ ಮಾಡೂದಿಲ್ಲ, ಹೋಗಿ ಕೌದಿ ಮ್ಯಾಲ ಮಾಡ್ತೈತಿ. ಯಾಕಂತೀರಿ?

ಮರಿಗೆ ಜಾಗ ಮುಖ್ಯವಲ್ಲ, ಪಾದದಡಿಯ ಸ್ಪರ್ಶ ಮುಖ್ಯ. ಮೆತ್ತಗಿದ್ದು ಉಚ್ಚೆಯನ್ನು ಹೀರಿಕೊಳ್ಳುವ, ಕಾಲಿಗೆ ಸಿಡಿಯದ ನೆಲವನ್ನೇ ಅದು ಹುಡುಕುತ್ತದೆ. ನುಣ್ಣನೆಯ ಟೈಲ್ಸ್ ಮನೆಯಲ್ಲಿ ಅಂಥದ್ದು ಎಲ್ಲಿದೆ? ಕಾಲೊರೆಸುವ ಬಟ್ಟೆ, ಚಾಪೆ, ಕೌದಿ, ದಿವಾನದ ಮೇಲಿನ ಜಮಖಾನ. ಏಳರಿಂದ ಒಂಬತ್ತು ವಾರದ ವಯಸ್ಸಿನಲ್ಲಿ ಯಾವ ಸ್ಪರ್ಶದ ಮೇಲೆ ಹೆಚ್ಚು ಸಲ ಮಾಡುತ್ತದೋ ಅದೇ ಗಟ್ಟಿಯಾಗುತ್ತಾ ಹೋಗುತ್ತದೆ. ಹಾಗಾಗಿ ಎರಡು ತಿಂಗಳ ಮಟ್ಟಿಗೆ ಮನೆಯಲ್ಲಿರುವ ಎಲ್ಲ ಕಾಲೊರೆಸು, ಚಾಪೆ, ಕೌದಿ ಎತ್ತಿಟ್ಟುಬಿಡಿ. ನೋಡಲು ಮನೆ ಬೋಳು ಕಾಣುತ್ತದೆ, ಕಾಣಲಿ. ಪೇಪರನ್ನು ಒಂದು ಪದರವಲ್ಲ, ಏಳೆಂಟು ಪದರ ಹಾಸಿ. ಅಡಿಗೆ ಅದೇ ಮರಿಯ ಉಚ್ಚೆ ಒರೆಸಿದ ಹಳೇ ಬಟ್ಟೆಯ ತುಂಡು ಇಡಿ, ವಾಸನೆ ದಾರಿ ತೋರಿಸುತ್ತದೆ.

ಪೇಪರ್, ಅಂಗಡಿ ಪ್ಯಾಡ್, ಹುಲ್ಲಿನ ಟ್ರೇ, ಯಾವುದು ಒಳ್ಳೇದು?

ಮುಂದೆ ಹೊರಗೆ ಹೋಗಬೇಕಾದ ಮರಿಗೆ ನನ್ನ ಆಯ್ಕೆ ಹುಲ್ಲು ಅಥವಾ ಮಣ್ಣಿನ ಟ್ರೇ. ಎರಡು-ಮೂರು ಅಂಗುಲ ಎತ್ತರದ ಪ್ಲಾಸ್ಟಿಕ್ ಟ್ರೇ, ಅಡಿಗೆ ತೂತು, ನರ್ಸರಿಯಲ್ಲಿ ಚದರವಾಗಿ ಕತ್ತರಿಸಿ ಮಾರುವ ಹುಲ್ಲುಹಾಸು. ನಾಳೆ ಪಾರ್ಕಿನಲ್ಲಿ ಇದೇ ಸ್ಪರ್ಶ ಸಿಗುವುದರಿಂದ ಹೊಸದಾಗಿ ಕಲಿಸುವುದು ಏನೂ ಉಳಿಯುವುದಿಲ್ಲ. ಹುಲ್ಲು ಹಳದಿಯಾದಾಗ ಬದಲಾಯಿಸಬೇಕು, ದಿನಾ ನೀರು ಹೊಡೆಯಬೇಕು. ಪೇಪರ್ ಎಲ್ಲರ ಮನೆಯಲ್ಲೂ ಇದೆ, ಶುರುವಿಗೆ ಸಾಕು. ಆದರೆ ಅಜ್ಜ ಓದಿ ಕುರ್ಚಿಯ ಪಕ್ಕ ಬಿಟ್ಟ ಪತ್ರಿಕೆಯೂ ಮರಿಯ ಲೆಕ್ಕದಲ್ಲಿ ಅದೇ ಜಾಗ. ಅಂಗಡಿಯ ಪ್ಯಾಡ್ ಚೆನ್ನಾಗಿ ಹೀರುತ್ತದೆ, ಹಲ್ಲು ಬರುವ ವಯಸ್ಸಿನ ಮರಿ ಅದನ್ನು ಹರಿದು ನುಂಗುವ ಅಪಾಯವಿದೆ. ಮರಿಯನ್ನು ಒಂಟಿಯಾಗಿ ಬಿಟ್ಟು ಹೋಗುವಾಗ ಪ್ಯಾಡ್ ಬೇಡ.

ಫಿನೈಲ್ ಹಾಕಿ ಒರೆಸಿದ್ರೂ ಮತ್ತೆ ಅಲ್ಲೇ ಮಾಡುತ್ತೆ.

ನಿಮ್ಮ ಮೂಗಿಗೆ ಫಿನೈಲ್ ಮಾತ್ರ ಬರುತ್ತದೆ, ಮರಿಯ ಮೂಗಿಗೆ ಅದರಡಿಯ ಉಚ್ಚೆಯೂ ಬರುತ್ತದೆ. ಕಪ್ಪು ಫಿನೈಲಿನಲ್ಲಿರುವ ಫೀನಾಲುಗಳು ಒದ್ದೆ ಪಾದಕ್ಕೆ ಅಂಟಿ, ಪಾದ ನೆಕ್ಕಿದಾಗ ಹೊಟ್ಟೆಗೂ ಹೋಗುತ್ತವೆ. ಮರಿ ಇರುವ ಮನೆಯಲ್ಲಿ ಅದನ್ನು ಬಿಟ್ಟುಬಿಡಿ. ಅಮೋನಿಯ ಇರುವ ಕ್ಲೀನರೂ ಬೇಡ. ಉಚ್ಚೆ ಹಳತಾದಾಗ ಬರುವ ವಾಸನೆಯೂ ಅಮೋನಿಯದ್ದೇ, ಹಾಕಿದರೆ ಮತ್ತೆ ಕರೆದಂತಾಗುತ್ತದೆ.

ಮೊದಲು ಒಣಬಟ್ಟೆಯಿಂದ ಒತ್ತಿ ಹೀರಿಸಿ. ಆಮೇಲೆ ಉಚ್ಚೆಯ ವಾಸನೆಯನ್ನು ಬುಡದಿಂದಲೇ ಒಡೆಯುವ ಎಂಜೈಮ್ ಕ್ಲೀನರ್ ಹಾಕಿ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ತಕ್ಷಣ ಒರೆಸಿದರೆ ಅದು ಕೆಲಸ ಮಾಡುವುದಿಲ್ಲ. ಅದು ಸಿಗದಿದ್ದರೆ ಬಿಳಿ ವಿನೆಗರ್‌ಗೆ ಸಮಪಾಲು ನೀರು ಬೆರೆಸಿ ಒರೆಸಿ. ಆದರೆ ಶಹಾಬಾದ್ ಕಲ್ಲು, ಕಡಪ ಕಲ್ಲು, ಅಮೃತಶಿಲೆಯ ನೆಲದವರು ವಿನೆಗರ್ ಹಾಕಬಾರದು. ಅವು ಸುಣ್ಣದ ಅಂಶದ ಕಲ್ಲುಗಳು, ಹುಳಿಗೆ ಹೊಳಪು ಹೋಗಿ ಕಲೆ ಬೀಳುತ್ತದೆ. ಸಣ್ಣ ಸಣ್ಣ ರಂಧ್ರಗಳಿರುವ ಶಹಾಬಾದ್ ಕಲ್ಲು ಉಚ್ಚೆಯನ್ನು ಒಳಕ್ಕೆ ಎಳೆದುಕೊಳ್ಳುವುದರಿಂದ ಅಂಥ ಮನೆಯಲ್ಲಿ ಎಂಜೈಮ್ ಕ್ಲೀನರನ್ನೇ ಎರಡು-ಮೂರು ಸಲ ಹಾಕಬೇಕು. ಬ್ಲೀಚನ್ನು ಹಸಿ ಉಚ್ಚೆಯ ಮೇಲೆ ನೇರ ಸುರಿಯಬೇಡಿ, ಎರಡೂ ಸೇರಿ ಕೆಟ್ಟ ಅನಿಲ ಏಳುತ್ತದೆ.

ಅತ್ತೆಗೆ ಮಡಿ ಜಾಸ್ತಿ. ದೇವರ ಮನೆ ಹತ್ರ ಒಂದು ಸಲ ಮಾಡಿದ್ರೂ ನಾಯಿನೇ ಬೇಡ ಅಂತಾರೆ.

ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ, ಅವರ ಕಡೆಯಿಂದ ಅದು ನ್ಯಾಯವೇ. ಮೊದಲ ದಿನದಿಂದಲೇ ದೇವರ ಮನೆಗೂ ಅಡುಗೆಮನೆಗೂ ಎಳೆಮಕ್ಕಳಿಗೆ ಹಾಕುವಂಥ ಅಡ್ಡಗೇಟು ಹಾಕಿ. ಮರಿ ಒಂದು ಸಲವೂ ಒಳಗೆ ಹೋಗದ ಕೋಣೆಯಲ್ಲಿ ಅವಘಡ ಆಗುವುದಿಲ್ಲ. ಇಡೀ ಮನೆಯನ್ನು ಒಂದೇ ದಿನ ಬಿಟ್ಟುಕೊಡುವುದು ಯಾರಿಗೂ ಒಳ್ಳೆಯದಲ್ಲ. ಒಂದು ಕೋಣೆಯಲ್ಲಿ ಎರಡು ವಾರ ಒಣಗಿದ್ದರೆ ಎರಡನೆಯದನ್ನು ತೆರೆಯಿರಿ. ಇನ್ನೊಂದು ಕಂಡ ಮಾತು: ಬೆಳಗ್ಗೆ ಬೇಗ ಏಳುವ ಹಿರಿಯರೇ ಮರಿಯ ಮೊದಲ ಉಚ್ಚೆಯನ್ನು ಸರಿಯಾದ ಜಾಗದಲ್ಲಿ ಮಾಡಿಸುವವರಾಗುತ್ತಾರೆ, ಅಲ್ಲಿಂದ ನಂಟು ಬೆಳೆಯುತ್ತದೆ.

## ರಾತ್ರಿ, ಆಫೀಸು, ಊಟ

ರಾತ್ರಿ ಎಷ್ಟು ಸಲ ಏಳ್ಬೇಕು?

ಎರಡು ತಿಂಗಳ ಮರಿಗೆ ಒಂದೋ ಎರಡೋ ಸಲ, ಮೂರು ತಿಂಗಳಿಗೆ ಒಂದು ಸಲ, ನಾಲ್ಕು ತಿಂಗಳಿಗೆ ಬಹುತೇಕ ಬೆಳಗಿನವರೆಗೆ. ಮರಿಯ ಹಾಸಿಗೆಯನ್ನು ನಿಮ್ಮ ಮಂಚದ ಪಕ್ಕದಲ್ಲೇ ಇಡಿ. ಕುಂಯ್‌ಗುಟ್ಟಿದರೆ ದೀಪ ಹಾಕದೆ, ಮುದ್ದಿಸದೆ, ಜಾಗಕ್ಕೆ ಒಯ್ದು ಮಾಡಿಸಿ ಮತ್ತೆ ಮಲಗಿಸಿ. ಮಧ್ಯರಾತ್ರಿ ಆಡಿಸಿದರೆ ನಾಳೆಯಿಂದ ಆಟಕ್ಕೆಂದೇ ಎಬ್ಬಿಸುತ್ತದೆ.

ಇಬ್ಬರೂ ಆಫೀಸಿಗೆ ಹೋಗ್ತೀವಿ. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರ ತನಕ ಮರಿ ಒಂಟಿ.

ಎರಡು-ಮೂರು ತಿಂಗಳ ಮರಿಯನ್ನು ಒಂಬತ್ತು ಗಂಟೆ ಒಂಟಿಯಾಗಿ ಬಿಟ್ಟು ಶುಚಿ ಕಲಿಸಲು ಸಾಧ್ಯವಿಲ್ಲ ಎಂದು ನೇರವಾಗಿಯೇ ಹೇಳುತ್ತೇನೆ. ಮೊದಲ ಎರಡು ವಾರ ಇಬ್ಬರೂ ಸರದಿಯಲ್ಲಿ ರಜೆ ಹಾಕಿ. ಆಮೇಲೆ ಮಧ್ಯಾಹ್ನ ಬಂದು ಹೋಗುವ ಒಬ್ಬರು ಬೇಕೇ ಬೇಕು: ಮನೆಕೆಲಸದವರು, ಪಕ್ಕದ ಮನೆಯ ನಿವೃತ್ತರು, ಕಾಲೇಜು ಹುಡುಗ, ಯಾರಾದರೂ. ಉಳಿದ ಹೊತ್ತಿಗೆ ಬೇಲಿಯಂಥ ಆವರಣ ಮಾಡಿ, ಒಂದು ತುದಿಗೆ ಹಾಸಿಗೆ-ನೀರು, ಇನ್ನೊಂದು ತುದಿಗೆ ಟ್ರೇ. ಸುತ್ತಲೂ ಇರುವ ನೆಲದಲ್ಲಿ ಆ ಟ್ರೇ ಒಂದೇ ಮೆತ್ತಗಿರಲಿ. ಇದ್ಯಾವುದೂ ಆಗದು ಎಂದರೆ ಮರಿಯ ಬದಲು ಒಂದೆರಡು ವರ್ಷದ ದೊಡ್ಡ ನಾಯಿಯನ್ನು ದತ್ತು ತನ್ನಿ.

ಪಂಜರದಲ್ಲಿ ಹಾಕೋದು ಪಾಪ ಅಲ್ವಾ?

ಶಿಕ್ಷೆಗೆ ಕೂಡಿಹಾಕಿದರೆ ಪಾಪವೇ. ಬಾಗಿಲು ತೆರೆದಿಟ್ಟು, ಒಳಗೆ ಊಟ ಕೊಟ್ಟು, ತಾನಾಗಿ ಹೋಗಿ ಮಲಗುವಂತೆ ಮಾಡಿದರೆ ಮಂಚದಡಿಯ ಗೂಡಿನಂತೆ ಅದಕ್ಕೂ ಇಷ್ಟವಾಗುತ್ತದೆ. ಎದ್ದು ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟು ಜಾಗ ಸಾಕು. ತೀರಾ ದೊಡ್ಡದಾದರೆ ಒಂದು ಮೂಲೆಯಲ್ಲಿ ಹೊಯ್ದು ಇನ್ನೊಂದರಲ್ಲಿ ಮಲಗುತ್ತದೆ. ನಾನು ಪಂಜರಕ್ಕಿಂತ ಸೊಂಟಕ್ಕೆ ಕಟ್ಟಿಕೊಂಡ ಆರಡಿ ಹಗ್ಗವನ್ನೇ ನೆಚ್ಚಿದವಳು. ಅಡುಗೆ ಮಾಡುವಾಗಲೂ ಬಟ್ಟೆ ಒಣಹಾಕುವಾಗಲೂ ಮರಿ ಕಣ್ಣೆದುರೇ ಇರುತ್ತದೆ, ಕಳ್ಳಮೂಲೆಗೆ ಹೋಗಲು ದಾರಿಯೇ ಇಲ್ಲ.

ಹಾಲು-ಅನ್ನ ಹಾಕ್ತೀವಿ. ಕಕ್ಕ ಯಾವಾಗ್ಲೂ ತೆಳು, ಹೊತ್ತುಗೊತ್ತೇ ಇಲ್ಲ.

ಹಾಲು ನಿಲ್ಲಿಸಿ ನೋಡಿ. ತಾಯಿಹಾಲು ಬಿಟ್ಟ ಮರಿಗಳಲ್ಲಿ ಲ್ಯಾಕ್ಟೋಸ್ ಅರಗಿಸುವ ಶಕ್ತಿ ಇಳಿಯುತ್ತಾ ಹೋಗುತ್ತದೆ, ಹಸುವಿನ ಹಾಲಿಗೆ ಹೊಟ್ಟೆ ಕೆಡುವುದು ಬಹಳ ಸಾಮಾನ್ಯ. ಮೊಸರು ಸ್ವಲ್ಪ ಒಗ್ಗುತ್ತದೆ. ಹೊಟ್ಟೆ ಸರಿಯಿಲ್ಲದ ಮರಿಗೆ ಜಾಗ ಕಲಿಸಲು ಹೊರಡುವುದು ವ್ಯರ್ಥ, ಮೊದಲು ಊಟ ಸರಿಯಾಗಬೇಕು. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು, ಆಮೇಲೆ ಎರಡು. ಹೊತ್ತಿಗೆ ಸರಿಯಾಗಿ ಹಾಕಿ, ಹದಿನೈದು ನಿಮಿಷಕ್ಕೆ ತಟ್ಟೆ ಎತ್ತಿ. ದಿನವಿಡೀ ತಟ್ಟೆ ತುಂಬಿಟ್ಟರೆ ಕಕ್ಕವೂ ದಿನವಿಡೀ. ನೀರನ್ನು ಮಾತ್ರ ಹಗಲಲ್ಲಿ ಎಂದೂ ಕಡಿಮೆ ಮಾಡಬೇಡಿ, ರಾಯಚೂರು-ಕಲಬುರಗಿಯ ಬೇಸಿಗೆಯಲ್ಲಂತೂ ಅದು ಪ್ರಾಣಕ್ಕೇ ಅಪಾಯ. ಜಂತುಹುಳದ ಔಷಧಿಯನ್ನು ವೈದ್ಯರು ಹೇಳಿದ ದಿನಕ್ಕೆ ಹಾಕಿಸಿ, ದುಂಡುಹುಳ ಮನೆಯ ಮಕ್ಕಳಿಗೂ ಅಂಟುತ್ತದೆ.

## ಕಲಿತದ್ದು ಕೈತಪ್ಪಿದಾಗ

ನಾನು ಆಫೀಸಿಂದ ಬಂದ ತಕ್ಷಣ ಕಾಲ ಹತ್ರ ಬಂದು ಹೊಯ್ದುಬಿಡುತ್ತೆ.

ಅದು ಶುಚಿಯ ಪ್ರಶ್ನೆಯಲ್ಲ, ಸಂಭ್ರಮ ಅಥವಾ ವಿನಯ. ನಾಯಿಗಳ ಭಾಷೆಯಲ್ಲಿ ಎಳೆಯದು ದೊಡ್ಡವರೆದುರು "ನಾನು ಚಿಕ್ಕವನು" ಎಂದು ಹೇಳುವ ರೀತಿ. ಬೈದರೆ ಇನ್ನಷ್ಟು ಹೆಚ್ಚುತ್ತದೆ. ಬಂದ ಕೂಡಲೇ ಮಾತಾಡಿಸಬೇಡಿ, ಮೇಲಿಂದ ಬಾಗಿ ತಲೆ ಸವರಬೇಡಿ. ಚಪ್ಪಲಿ ಬಿಟ್ಟು, ನೀರು ಕುಡಿದು, ಅದು ತಣ್ಣಗಾದ ಮೇಲೆ ಪಕ್ಕಕ್ಕೆ ಕುಳಿತು ಎದೆಯ ಬಳಿ ಸವರಿ. ಒಂದು ವರ್ಷದೊಳಗೆ ಬಹುತೇಕ ತಾನೇ ಹೋಗುತ್ತದೆ.

ಎಲ್ಲಾ ಕಲ್ತಿತ್ತು. ಏಳು ತಿಂಗಳಿಗೆ ಮತ್ತೆ ಒಳಗೆ ಶುರು ಮಾಡಿದೆ.

ಗಂಡಾದರೆ ಕಾಲೆತ್ತಿ ಬಾಗಿಲು, ಸೋಫಾದ ಮೂಲೆ, ಹೊಸ ಚೀಲಕ್ಕೆ ಸ್ವಲ್ಪ ಸ್ವಲ್ಪ ಹೊಯ್ಯುತ್ತಿದೆಯೇ ನೋಡಿ. ಅದು ಗುರುತು ಹಾಕುವುದು, ಸಂತಾನಹರಣ ಮಾಡಿಸಿದರೆ ಬಹಳಷ್ಟು ನಾಯಿಗಳಲ್ಲಿ ಕಡಿಮೆಯಾಗುತ್ತದೆ. ಹೆಣ್ಣಾದರೆ ಮೊದಲ ಬೆದೆ ಹತ್ತಿರವಿರಬಹುದು, ಆಗ ಪದೇ ಪದೇ ಹೊಯ್ಯುತ್ತದೆ. ಮನೆ ಬದಲಾವಣೆ, ಹೊಸ ಮಗು, ದೀಪಾವಳಿಯ ಪಟಾಕಿ ಇವೂ ಕಾರಣ. ಪಟಾಕಿಯ ದಿನಗಳಲ್ಲಿ ಕತ್ತಲಾಗುವ ಮುಂಚೆಯೇ ಹೊರಗಿನ ಸುತ್ತು ಮುಗಿಸಿಬಿಡಿ. ಮಿಕ್ಕಂತೆ ಎರಡು ವಾರ ಮೊದಲ ದಿನದ ಕ್ರಮಕ್ಕೇ ಮರಳಿ, ಕಲಿತದ್ದು ಬೇಗ ತಿರುಗಿ ಬರುತ್ತದೆ.

ಇದು ಕಾಯಿಲೆ ಅಂತ ಹೇಗೆ ಗೊತ್ತಾಗುತ್ತೆ?

ನಿಮಿಷಕ್ಕೊಮ್ಮೆ ಕುಳಿತು ಹನಿ ಹನಿ ಹೊಯ್ದರೆ, ಮುಕ್ಕರಿದರೆ, ಕೂಗಿದರೆ, ಉಚ್ಚೆಯಲ್ಲಿ ಕೆಂಪು ಕಂಡರೆ ಮೂತ್ರನಾಳದ ಸೋಂಕು ಇರಬಹುದು, ಹೆಣ್ಣುಮರಿಗಳಲ್ಲಿ ಹೆಚ್ಚು. ಮಲಗಿದ್ದಾಗಲೂ ಸದಾ ತೊಟ್ಟಿಕ್ಕುತ್ತಿದ್ದರೆ ಹುಟ್ಟಿನಿಂದ ಬಂದ ನಾಳದ ದೋಷ ಇರಬಹುದು. ಅಂಥ ಮರಿಗೆ ಎಷ್ಟು ಕಲಿಸಿದರೂ ಉಪಯೋಗವಿಲ್ಲ, ಅದರ ತಪ್ಪೂ ಇಲ್ಲ. ಬೆಳಗಿನ ಉಚ್ಚೆಯನ್ನು ಶುಚಿಯಾದ ಬಾಟಲಿಯಲ್ಲಿ ಹಿಡಿದು ಪಶುವೈದ್ಯರ ಬಳಿ ಒಯ್ಯಿರಿ. ಉಚ್ಚೆ ಕಟ್ಟಿಯೇ ಹೋಗಿದ್ದರೆ, ಇಲ್ಲವೇ ವಾಂತಿಯ ಜೊತೆ ರಕ್ತಭೇದಿಯಿದ್ದರೆ ನಾಳೆಗೆ ಬಿಡಬೇಡಿ, ಅವತ್ತೇ ಹೋಗಿ.

ತನ್ನ ಕಕ್ಕ ತಾನೇ ತಿನ್ನುತ್ತೆ, ಅಸಹ್ಯ ಆಗುತ್ತೆ.

ಮರಿಗಳಲ್ಲಿ ಇದು ಸಾಮಾನ್ಯ. ಹಸಿವು, ಜಂತು, ಬೇಸರ, ಅಥವಾ ಬೈಗುಳದ ಹೆದರಿಕೆ ಕಾರಣವಿರಬಹುದು. ಮಾಡಿದ ತಕ್ಷಣ ನಿಮ್ಮತ್ತ ಕರೆದು ತಿಂಡಿ ಕೊಡಿ, ಅದು ಬಂದಾಗ ಕಕ್ಕವನ್ನು ಎತ್ತಿಬಿಡಿ. ಓಡಿಹೋಗಿ ಕಿತ್ತುಕೊಂಡರೆ ಪೈಪೋಟಿಗೆ ಇನ್ನೂ ಬೇಗ ನುಂಗುತ್ತದೆ.

## ಒಳಗಿನಿಂದ ಹೊರಗೆ

ಲಸಿಕೆ ಎಲ್ಲಾ ಆಯ್ತು. ಈಗ ಹೊರಗೆ ಕಲಿಸೋದು ಹೇಗೆ?

ಟ್ರೇಯನ್ನು ದಿನಕ್ಕೆ ಒಂದೆರಡು ಅಡಿಯಂತೆ ಬಾಗಿಲ ಕಡೆ ಸರಿಸಿ. ಬಾಗಿಲು ಮುಟ್ಟಿದ ಮೇಲೆ ಬೆಳಗಿನ ಮೊದಲ ಉಚ್ಚೆಗೆ ಕೆಳಗೆ ಒಯ್ಯಿರಿ, ಜೊತೆಗೆ ಒದ್ದೆಯಾದ ಪೇಪರಿನ ಅಥವಾ ಹುಲ್ಲಿನ ತುಂಡನ್ನೂ ಒಯ್ದು ನೆಲದ ಮೇಲಿಡಿ. ಲಿಫ್ಟಿನಲ್ಲಿ ಕೆಳಗೆ ಬಿಡಬೇಡಿ, ಕಾಲು ನೆಲಕ್ಕೆ ತಾಗಿದೊಡನೆ ಅಲ್ಲೇ ಹೊಯ್ಯುತ್ತದೆ. ಎತ್ತಿಕೊಂಡೇ ಹೋಗಿ ಹುಲ್ಲಿನ ಮೇಲೆ ಇಳಿಸಿ. ಕಕ್ಕ ಎತ್ತಲು ಪೇಪರು, ಚೀಲ ಕೈಯಲ್ಲಿರಲಿ. ಅಪಾರ್ಟ್‌ಮೆಂಟಿನಲ್ಲಿ ನಾಯಿಗಳ ಮೇಲೆ ಬರುವ ಎಷ್ಟೋ ದೂರು ಎತ್ತದೇ ಬಿಟ್ಟ ಕಕ್ಕದಿಂದಲೇ, ಅದು ನ್ಯಾಯವಾದ ದೂರು.

ಮಾರಾಯ್ರೇ, ಮಳೆಗಾಲದಲ್ಲಿ ಅಂಗಳಕ್ಕೆ ಕಾಲೇ ಇಡುವುದಿಲ್ಲ. ಏನು ಮಾಡುವುದು?

ಸಿಟೌಟಿನ ಮಾಡಿನಡಿ, ಮಳೆ ಬೀಳದ ಕಡೆ, ಮರಳು ಅಥವಾ ಮಣ್ಣು ಹಾಕಿದ ಟ್ರೇ ಇಡಿ. ಜೂನ್‌ಗೆ ಮುಂಚೆಯೇ, ಮೊದಲ ಹನಿಗಳಲ್ಲೇ, ಕೊಡೆ ಹಿಡಿದು ಕರೆದುಕೊಂಡು ಹೋಗಿ ತಿಂಡಿ ಕೊಟ್ಟು ಅಭ್ಯಾಸ ಮಾಡಿಸಿ. ನಿಂತ ನೀರಿನಲ್ಲಿ ಇಲಿಯ ಉಚ್ಚೆಯಿಂದ ಇಲಿಜ್ವರ ಹರಡುತ್ತದೆ, ನಾಯಿಗೂ ಬರುತ್ತದೆ, ನಾಯಿಯ ಉಚ್ಚೆಯಿಂದ ಮನುಷ್ಯರಿಗೂ. ಅದರ ಲಸಿಕೆ ಹಾಕಿಸಿ, ಒರೆಸುವಾಗ ಕೈಗವಸು ಹಾಕಿಕೊಳ್ಳಿ.

ಹೊರಗೆ ಕಲಿತ ಮೇಲೆ ಒಳಗಿನ ಟ್ರೇ ತೆಗೆದುಬಿಡ್ಬೇಕಾ?

ಬಾಲ್ಕನಿಯಲ್ಲಿ ಜಾಗವಿದ್ದರೆ ತೆಗೆಯಬೇಡಿ. ಮನೆಯವರಿಗೆ ಜ್ವರ ಬಂದ ದಿನ, ಲಿಫ್ಟ್ ಕೆಟ್ಟ ದಿನ, ಲಾಕ್‌ಡೌನಿನಂಥ ದಿನಗಳಲ್ಲಿ ಟ್ರೇ ಇದ್ದ ಮನೆಯ ನಾಯಿಗಳು ಪರದಾಡಲಿಲ್ಲ. ಬೆಳ್ಳಿ ಹದಿಮೂರನೇ ವಯಸ್ಸಿನಲ್ಲಿ ಹಿಂಗಾಲು ಸೋತು ಮೆಟ್ಟಿಲು ಇಳಿಯಲಾರದೆ ಹೋದಾಗ, ಎಂದೋ ಕಲಿತಿದ್ದ ಆ ಹುಲ್ಲಿನ ಟ್ರೇಯ ಕಡೆಗೆ ತಾನೇ ತೆವಳಿಕೊಂಡು ಹೋಗಿ ಮಾಡಿ ಬರುತ್ತಿತ್ತು. ಅದರ ಅಂಚನ್ನು ಒಂದು ಕಡೆ ಕತ್ತರಿಸಿ ತಗ್ಗು ಮಾಡಿಕೊಟ್ಟಿದ್ದೆ. ಕೊನೆಯ ವಾರದವರೆಗೂ ಅದು ತನ್ನ ಹಾಸಿಗೆಯನ್ನು ಒದ್ದೆ ಮಾಡಿಕೊಳ್ಳಲಿಲ್ಲ.